ಗ್ರಾಫಿಕ್ಸ್ ಕಾರ್ಡಿನ ಮೇಲೆ ಹೊರಿಸಿದ ಅಪವಾದ

ವಾರ್ಷಿಕ ಸಂಚಿಕೆಗೆ ಲೇಖನ ಕೊಡಿರೆಂದು ಸಂಪಾದಕ ಮಂಡಲಿಯವರು ಸೂಚನಾ ಫಲಕದ ಮೇಲೆ ಚೀಟಿ ಅಂಟಿಸಿದಾಗ ನನ್ನ ಸಹಪಾಠಿಗಳು ಒಬ್ಬೊಬ್ಬರು ಒಂದೊಂದು ವಿಷಯವನ್ನು ಹಿಡಿದರು. ಒಬ್ಬನು ಹುಕ್ಕೇರಿಯ ಗುಮ್ಮಟಗಳ ಮೇಲೆ ಬರೆಯುವೆನೆಂದನು. ಒಬ್ಬಳು ಹಿಡಕಲ್ ಜಲಾಶಯದ ಮೇಲೆ. ಇನ್ನೊಬ್ಬನು ಪ್ರತಿವರ್ಷ ಯಾರಾದರೊಬ್ಬರು ಬರೆಯಲೇಬೇಕಾದ ‘ವಿದ್ಯಾರ್ಥಿ ಮತ್ತು ಶಿಸ್ತು’ ಎಂಬ ವಿಷಯವನ್ನು ತನ್ನ ಪಾಲಿಗೆ ಇಟ್ಟುಕೊಂಡನು. ಕಂಪ್ಯೂಟರಿನಲ್ಲಿ ಆಟ ಆಡುವಾಗ ಗ್ರಾಫಿಕ್ಸ್ ಕಾರ್ಡು ಕೈಕೊಡುವದರ ಮೇಲೆ ನಾನು ಬರೆಯುತ್ತೇನೆಂದಾಗ ನಕ್ಕವರೇ ಹೆಚ್ಚು. “ಬಿ.ಎ. ಅಂತಿಮ ವರ್ಷದವನು ಬರೆಯುವ ವಿಷಯವೇನಯ್ಯಾ ಇದು?” ಎಂದು ನಮ್ಮ ಗುರುಗಳೊಬ್ಬರು ಕೇಳಿದರು. ಕೋಪದಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದು. ಆಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಈಗ ಅದನ್ನೇ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಓದಿ ಬೇಸತ್ತವರು ಇಲ್ಲಿಯೇ ಪುಟ ತಿರುಗಿಸಬಹುದು. ಆಟ ನಡೆದಾಗ ತೆರೆ ಕಪ್ಪಾದರೆ ನೂರಕ್ಕೆ ತೊಂಬತ್ತು ಜನ “ಕಾರ್ಡು ಸತ್ತಿತು” ಎಂದು ತೀರ್ಪು ಕೊಡುತ್ತಾರೆ. ಅಂಗಡಿಯವನೂ ಕೊಡುತ್ತಾನೆ, ಗೆಳೆಯನೂ ಕೊಡುತ್ತಾನೆ, ನಾನೂ ಕೊಟ್ಟೆ. ಸಾಕ್ಷ್ಯ ನೋಡದೆ ಕೊಟ್ಟ ಈ ತೀರ್ಪು ಬಹಳ ಸಲ ತಪ್ಪು. ನನ್ನ ಮಟ್ಟಿಗಂತೂ ಅದು ತಪ್ಪಷ್ಟೇ ಅಲ್ಲ, ಒಬ್ಬ ಮನುಷ್ಯನಿಗೆ ಮಾಡಿದ ಅನ್ಯಾಯವೂ ಆಯಿತು.

ಕಲಾ ವಿಭಾಗದ ನನ್ನ ಮಿತ್ರರಿಗಾಗಿ ಈ ಕಾರ್ಡು ಎಂದರೇನು ಎಂಬದನ್ನು ಎರಡು ಮಾತಿನಲ್ಲಿ ಹೇಳಬೇಕು. ಸಾಮಾನ್ಯ ತೆರೆಯೊಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು, ಗುಣಿಸಿದರೆ 20,73,600. ಆಟ ನಡೆದಿರುವಾಗ ಪ್ರತಿ ಸೆಕೆಂದಿಗೆ ಅರವತ್ತು ಸಲ ಈ ಎಲ್ಲ ಚುಕ್ಕೆಗಳಿಗೂ ಹೊಸದಾಗಿ ಬಣ್ಣ ಹಚ್ಚಬೇಕು. ಅಂದರೆ ಸೆಕೆಂದಿಗೆ ಹನ್ನೆರಡು ಕೋಟಿಗೂ ಮೇಲೆ. ಕಂಪ್ಯೂಟರಿನ ಮುಖ್ಯ ಪ್ರೊಸೆಸರು ಎಷ್ಟೇ ಜಾಣನಿದ್ದರೂ ಒಬ್ಬನ ಕೈಯಲ್ಲಿ ಆಗುವ ಕೆಲಸ ಇದಲ್ಲ. ನಮ್ಮ ಕಡೆ ಕಬ್ಬು ಕಡಿಯುವ ಗ್ಯಾಂಗನ್ನು ನೋಡಿದ್ದೀರಷ್ಟೆ? ಮುಕಾದಮನು ಒಬ್ಬನೇ, ಕೊಯ್ತಾ ಹಿಡಿದವರು ಅನೇಕರು. ಒಬ್ಬೊಬ್ಬರಿಗೆ ಒಂದೊಂದು ಸಾಲು. ಪ್ರೊಸೆಸರು ಮುಕಾದಮ, ಕಾರ್ಡು ಆ ಗ್ಯಾಂಗು. ನನ್ನಲ್ಲಿರುವ ಆರ್‌ಎಕ್ಸ್ 580 ಎಂಬ ಕಾರ್ಡು 2017ರಲ್ಲಿ ಪೇಟೆಗೆ ಬಂದದ್ದು. ಅದರಲ್ಲಿ ಇಂಥ ಆಳುಗಳು 2,304. ಆಳು ಹೆಚ್ಚಾದಂತೆ ರೊಟ್ಟಿಯೂ ಹೆಚ್ಚು ಬೇಕು. ಈ ಮಾತನ್ನು ನೆನಪಿಡಿರಿ, ಮುಂದೆ ಬೇಕಾಗುತ್ತದೆ.

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಪ್ಪ ಕಬ್ಬಿನ ಬಿಲ್ಲು ಬಂದ ವರ್ಷ ಹಳೆಯದೊಂದು ಕಂಪ್ಯೂಟರನ್ನು ಕೊಂಡುಕೊಟ್ಟದ್ದು ನಾನು ನುಡಿಯಲ್ಲಿ ಟೈಪು ಕಲಿತು ನಾಲ್ಕು ದುಡ್ಡು ಗಳಿಸಲೆಂದು. ಕಲಿತೆ, ಗಳಿಸಿದೆ; ಮದುವೆಯ ಪತ್ರಿಕೆ, ಸಂಘದ ಠರಾವು, ಊರವರ ಅರ್ಜಿ, ಏನು ಬಂದರೂ ಟೈಪು ಮಾಡಿಕೊಟ್ಟೆ. ಹಾಗೆ ಕೂಡಿಟ್ಟ ಹಣದಲ್ಲಿ ಆರು ಸಾವಿರದ ಐದುನೂರು ರೂಪಾಯಿ ತೆತ್ತು, ಅಪ್ಪನಿಗೆ ಹೇಳದೆ, ಈ ಕಾರ್ಡನ್ನು ಕೊಂಡೆ. ಟೈಪು ಮಾಡಲಿಕ್ಕೆ ಇಂಥ ಕಾರ್ಡು ಬೇಡವೆಂಬದು ಓದುವವರಿಗೆ ಗೊತ್ತಾಗುತ್ತದೆ, ಮುಚ್ಚಿಡುವದರಲ್ಲಿ ಅರ್ಥವಿಲ್ಲ. ಜಿಟಿಎ 5 ಎಂಬ ಆಟವನ್ನು ಆಡಲು ಕೊಂಡೆ.

ಮಾರಿದವನು ನನ್ನದೇ ತರಗತಿಯ ಗೆಳೆಯ, ಮೂಡಲಗಿಯ ಕಡೆಯವನು. ಅವನ ಅಣ್ಣ ಮದುವೆಯ ವಿಡಿಯೋ ಕೂಡಿಸುವ ಕೆಲಸದವನು; ಅಣ್ಣ ಹೊಸ ಕಾರ್ಡು ತಂದದ್ದರಿಂದ ಹಳೆಯದು ಇವನ ಪಾಲಿಗೆ ಬಂದಿತ್ತು. ಕಾರ್ಡಿನ ಜೊತೆಗೆ ಅವನು ಒಂದು ಮಾತನ್ನೂ ಕೊಟ್ಟ: “ಏನರ ತ್ರಾಸ ಆದ್ರ ಹೇಳಪಾ.”

ತ್ರಾಸು ಮೊದಲ ರಾತ್ರಿಯೇ ಆಯಿತು. ಟೈಪು ಮಾಡುವಾಗ ಏನೂ ಇಲ್ಲ. ಸಿನೆಮಾ ನೋಡುವಾಗ ಏನೂ ಇಲ್ಲ. ಆಟ ಹಚ್ಚಿ ಹತ್ತು ಹದಿನೈದು ನಿಮಿಷವಾಗುತ್ತಲೆ ತೆರೆ ಒಮ್ಮೆಲೆ ಕಪ್ಪಾಗುವದು, ಕಾರ್ಡಿನ ಫ್ಯಾನುಗಳು ಜೋಳ ರಾಶಿ ಮಾಡುವ ಯಂತ್ರದಂತೆ ಬೊಬ್ಬಿಡುವವು. ಕೆಲವೊಮ್ಮೆ ತೆರೆ ಮರಳಿ ಬಂದು, ಡಿಸ್‌ಪ್ಲೇ ಡ್ರೈವರು ಉತ್ತರ ಕೊಡುವದನ್ನು ನಿಲ್ಲಿಸಿತ್ತು, ಈಗ ಚೇತರಿಸಿಕೊಂಡಿದೆ ಎಂಬ ಇಂಗ್ಲಿಷ್ ಸಂದೇಶ ತೋರುವದು. ಕೆಲವೊಮ್ಮೆ ಇಡೀ ಕಂಪ್ಯೂಟರೇ ತಾನಾಗಿ ಬಂದಾಗಿ ಮತ್ತೆ ಹುಟ್ಟುವದು.

ಈ ಸಂದೇಶದ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಎಲ್ಲ ಗೊಂದಲದ ಬೇರು ಇದೇ. ವಿಂಡೋಸ್ ವಿಸ್ಟಾ ಬಂದಾಗಿನಿಂದಲೂ ವಿಂಡೋಸಿನಲ್ಲಿ ಒಂದು ಕಾವಲು ಇದೆ. ಕಾರ್ಡಿಗೆ ಕೆಲಸ ಹೇಳಿ ಎರಡು ಸೆಕೆಂದು ಕಾಯುತ್ತದೆ. ಅಷ್ಟರಲ್ಲಿ ಅದು ಕೆಲಸ ಮುಗಿಸಲಿಲ್ಲ, ಬಿಟ್ಟುಕೊಡಲೂ ಇಲ್ಲವೆಂದರೆ ಹಿಡಿದು ಅಲುಗಾಡಿಸಿ ಮತ್ತೆ ಎಬ್ಬಿಸಲು ನೋಡುತ್ತದೆ. ಎದ್ದರೆ ಮೇಲಿನ ಸಂದೇಶ. ಏಳದಿದ್ದರೆ ನೀಲಿ ತೆರೆ. ಮುಕಾದಮನು “ಏ ಬಸ್ಯಾ!” ಎಂದು ಕೂಗಿದ, ಬಸ್ಯಾ ಓ ಎನ್ನಲಿಲ್ಲ. ಸಂದೇಶ ಹೇಳುವದು ಇಷ್ಟೇ. ಬಸ್ಯಾ ನಿದ್ದೆ ಹೋಗಿದ್ದಾನೋ, ಜ್ವರ ಬಂದು ಬಿದ್ದಿದ್ದಾನೋ, ಮುಂಜಾನೆಯಿಂದ ರೊಟ್ಟಿಯೇ ಮುಟ್ಟಿಲ್ಲವೋ, ಮುಕಾದಮನೇ ತಪ್ಪು ಹೆಸರು ಕೂಗಿದನೋ, ಅದೊಂದೂ ಆ ಸಂದೇಶದಲ್ಲಿಲ್ಲ. ನಾವು ಮಾತ್ರ ‘ಡಿಸ್‌ಪ್ಲೇ’ ಎಂಬ ಶಬ್ದ ಕಂಡೊಡನೆ ಬಸ್ಯಾನಿಗೆ ಬಿದಿರಿನ ಚಟ್ಟ ಕಟ್ಟಲು ಹೊರಡುತ್ತೇವೆ.

ಇದು ಹಳ್ಳಿಯ ಹುಡುಗರ ದಡ್ಡತನವೆಂದು ತಿಳಿಯಬಾರದು. ದೊಡ್ಡ ದೊಡ್ಡವರೂ ಹೀಗೆಯೇ ಮುಗ್ಗರಿಸಿದ್ದಾರೆ. 2020ರ ಸೆಪ್ಟೆಂಬರಿನಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ 3080 ಕಾರ್ಡು ಹೊರಬಂದಾಗ ಆಟದ ನಡುವೆ ನಿಂತುಹೋಗುತ್ತದೆಂದು ಲೋಕವೆಲ್ಲ ಕೂಗೆದ್ದಿತು. ಕಾರ್ಡಿನ ಬೆನ್ನ ಮೇಲಿನ ಕೆಪಾಸಿಟರುಗಳು ಕಳಪೆಯೆಂದು ಚಿತ್ರ ಸಹಿತ ವಾದಗಳು ನಡೆದವು. ತಿಂಗಳು ಮುಗಿಯುವ ಮೊದಲೇ ಕಂಪನಿ ಹೊಸ ಡ್ರೈವರೊಂದನ್ನು ಕೊಟ್ಟಿತು, ಬಹಳಷ್ಟು ಕಾರ್ಡುಗಳು ಕೆಪಾಸಿಟರು ಬದಲಿಸದೆಯೇ ನೆಟ್ಟಗಾದವು. ಹಾಗೆಂದು ಕಾರ್ಡು ಎಂದೂ ತಪ್ಪು ಮಾಡುವದಿಲ್ಲವೆಂದೂ ಅಲ್ಲ: 2021ರ ಜುಲೈಯಲ್ಲಿ ‘ನ್ಯೂ ವರ್ಲ್ಡ್’ ಎಂಬ ಆಟದ ಪರೀಕ್ಷಾ ಆವೃತ್ತಿಯನ್ನು ಆಡುವಾಗ ಕೆಲವು ಆರ್‌ಟಿಎಕ್ಸ್ 3090 ಕಾರ್ಡುಗಳು ನಿಜವಾಗಿಯೇ ಸತ್ತವು; ಅವುಗಳಲ್ಲಿ ಬೆಸುಗೆಯ ದೋಷವಿತ್ತೆಂದು ತಯಾರಿಸಿದ ಇವಿಜಿಎ ಕಂಪನಿಯೇ ಒಪ್ಪಿಕೊಂಡಿತು.

ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು 2024ರ ಪ್ರಕರಣ. ಹೊಸ ಆಟಗಳನ್ನು ಹಚ್ಚಿದೊಡನೆ ‘ವಿಡಿಯೋ ಮೆಮರಿ ಸಾಲದು’ ಎಂಬರ್ಥದ ಸಂದೇಶ ಬಂದು ಆಟ ಬಿದ್ದುಹೋಗುತ್ತಿತ್ತು. ವಿಡಿಯೋ ಮೆಮರಿ ಇರುವದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಹೀಗಿರುವಾಗ ಯಾರನ್ನು ಸಂಶಯಿಸಬೇಕು? ಜನ ಲಕ್ಷಗಟ್ಟಲೆ ರೂಪಾಯಿಯ ಕಾರ್ಡುಗಳನ್ನು ಕಿತ್ತು ಮರಳಿ ಕಳಿಸಿದರು. ಹೊಸದು ಬಂದರೂ ಅದೇ ಹಾಡು. ಕೊನೆಗೆ ತಿಳಿದದ್ದೇನೆಂದರೆ ದೋಷವಿದ್ದದ್ದು ಇಂಟೆಲ್ಲಿನ 13 ಮತ್ತು 14ನೆಯ ತಲೆಮಾರಿನ ಕೆಲವು ಪ್ರೊಸೆಸರುಗಳಲ್ಲಿ. ಅವು ಬೇಕಾದುದಕ್ಕಿಂತ ಹೆಚ್ಚು ವೋಲ್ಟೇಜನ್ನು ಕೇಳಿಕೇಳಿ ಉಂಡು ಒಳಗೊಳಗೆ ಸವೆದಿದ್ದವು. ಕಾರ್ಡಿಗೆ ಕೊಡಬೇಕಾದ ಸಾಮಾನನ್ನು ಬಿಚ್ಚುವಾಗ ಲೆಕ್ಕ ತಪ್ಪುತ್ತಿದ್ದವು. 2024ರ ಆಗಸ್ಟಿನಲ್ಲಿ ಇಂಟೆಲ್ ಅದಕ್ಕೆ ತಿದ್ದುಪಡಿ ಕೊಟ್ಟಿತು, ಗ್ಯಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಮುಕಾದಮನ ತಲೆ ತಿರುಗಿತ್ತು, ಬೈಸಿಕೊಂಡವನು ಬಸ್ಯಾ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನಾನು ಮಾಡಿದ್ದನ್ನು ಕೇಳಿರಿ. ಡ್ರೈವರನ್ನು ಬೇರುಸಹಿತ ತೆಗೆದು ಹೊಸದು ಹಾಕಿದೆ. ಅದೇ ದಿನ ವಿಂಡೋಸನ್ನೂ ಹೊಸದಾಗಿ ಕೂಡ್ರಿಸಿದೆ. ಅದೇ ದಿನ ಪೆಟ್ಟಿಗೆ ಬಿಚ್ಚಿ ಬ್ರಶ್ಶಿನಿಂದ ಧೂಳು ಝಾಡಿಸಿದೆ. ಒಂದೇ ದಿನ ಮೂರು ಬದಲಾವಣೆ ಮಾಡಿದರೆ, ಗುಣ ಕಂಡರೆ ಯಾವುದರಿಂದ, ಕಾಣದಿದ್ದರೆ ಏಕೆ, ಯಾರಿಗೆ ಗೊತ್ತಾಗಬೇಕು? ಮೂರು ವೈದ್ಯರ ಔಷಧವನ್ನು ಒಂದೇ ಲೋಟದಲ್ಲಿ ಕಲಸಿ ಕುಡಿದಂತಾಯಿತು. ಕಾರ್ಡಿನ ಉಷ್ಣತೆ ನೋಡಿದೆ: 71 ಡಿಗ್ರಿ. ಇದು ಹೆದರಬೇಕಾದ ಅಂಕಿಯಲ್ಲ. ಅಲ್ಲಿಗೆ ಬಿಸಿಯ ಮೇಲಿನ ಸಂಶಯ ಕಳಚಬೇಕಿತ್ತು. ಕಳಚಲಿಲ್ಲ, ಪೆಟ್ಟಿಗೆಯ ಬಾಗಿಲು ತೆಗೆದು ಮೇಜಿನ ಫ್ಯಾನು ಇಟ್ಟೆ. ಆಟದ ಚಿತ್ರದ ಗುಣಮಟ್ಟವನ್ನು ಇಳಿಸಿದಾಗ ಆಟ ಹದಿನೈದರ ಬದಲು ನಲ್ವತ್ತು ನಿಮಿಷ ನಡೆಯಿತು. ಇದು ಅತ್ಯಂತ ಬೆಲೆಯುಳ್ಳ ಸಾಕ್ಷ್ಯ. ನಾನು ಅದನ್ನು ಬರೆದಿಡಲೂ ಇಲ್ಲ, “ಪರವಾಗಿಲ್ಲ, ಸ್ವಲ್ಪ ಸುಧಾರಿಸಿತು” ಎಂದುಕೊಂಡೆ. ವಿಂಡೋಸಿನ ದಿನಚರಿಯಲ್ಲಿ 4101 ಎಂಬ ಅಂಕಿಯ ದಾಖಲೆಗಳ ಜೊತೆಗೆ 41 ಎಂಬ ಅಂಕಿಯವೂ ಸಾಲುಸಾಲಾಗಿ ಬಿದ್ದಿದ್ದವು. ಮೊದಲನೆಯದು ಬಸ್ಯಾ ಓಗೊಡಲಿಲ್ಲವೆಂಬ ದೂರು. ಎರಡನೆಯದು, ಯಂತ್ರವು ಸರಿಯಾಗಿ ಬಂದಾಗದೆ ನಡುವೆಯೇ ನಿಂತು ಮತ್ತೆ ಶುರುವಾಯಿತೆಂಬ ವರದಿ. ಅದನ್ನು ಕಂಡವರು ಮೊದಲು ವಿದ್ಯುತ್ತಿನ ದಾರಿಯನ್ನು ನೋಡಬೇಕು. ನಾನು ಮೊದಲನೆಯದನ್ನೇ ಓದಿದೆ, ಏಕೆಂದರೆ ನನಗೆ ಬೇಕಾದ ಉತ್ತರ ಅದರಲ್ಲಿತ್ತು.

ನಡುವೆ ಒಂದು ಹಾಸ್ಯವೂ ನಡೆಯಿತು. ಸತ್ತ ಕಾರ್ಡನ್ನು ಬಿಸಿ ಒಲೆಯಲ್ಲಿಟ್ಟರೆ ಬದುಕುತ್ತದೆಂದು ವಸತಿಗೃಹದ ಒಬ್ಬನು ಎಲ್ಲಿಯೋ ಕೇಳಿಕೊಂಡು ಬಂದ. ಈ ನಾಟೀ ಔಷಧವನ್ನು ಜಗತ್ತಿನ ಎಷ್ಟೋ ಕಡೆ ಜನ ಮಾಡಿದ್ದಾರೆ. ಒಳಗಿನ ಬಿರಿದ ಜೋಡಣೆ ಕಾವಿಗೆ ತಾತ್ಕಾಲಿಕವಾಗಿ ಕೂಡಿಕೊಂಡು ಕೆಲವು ದಿನ ನಡೆದದ್ದೂ ಉಂಟು. ನಮ್ಮಲ್ಲಿ ಅಂಥ ಒಲೆಯೆಲ್ಲಿ? ರೊಟ್ಟಿಯ ಹಂಚು ಇತ್ತು. ಅವ್ವ ಕಾರ್ಡನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, “ಆ ಕಬ್ಬಣದ ಹಲ್ಲಿ ನನ್ನ ಹಂಚಿನ ಮ್ಯಾಲ ಇಟ್ಟಿ ಅಂದ್ರ ನಾಳಿಂದ ರೊಟ್ಟಿ ನೀನ ಬಡೀಬೇಕ ನೋಡು” ಎಂದಳು. ಕಾರ್ಡು ಉಳಿಯಿತು. ಅವ್ವನಿಗೆ ನಾನು ಈ ಉಪಕಾರವನ್ನು ಇನ್ನೂ ತಿಳಿಸಿಲ್ಲ.

ಕೊನೆಗೆ ದೂರದ ಪಟ್ಟಣವೊಂದರ ಅಂಗಡಿಗೆ ಒಯ್ದೆ. ಅಲ್ಲಿಯವರು ಐದು ನಿಮಿಷ ನೋಡಿ, ಮುನ್ನೂರು ರೂಪಾಯಿ ತೆಗೆದುಕೊಂಡು, “ಕಾರ್ಡು ಹೋಗಿದೆ, ನಾಣ್ಯ ಗಣಿಗಾರಿಕೆಗೆ ಹಚ್ಚಿದ ಮಾಲು ಇರಬೇಕು” ಎಂದರು. ಈ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಈಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಹಗಲುರಾತ್ರಿ ಲೆಕ್ಕ ಮಾಡಿ ಗಳಿಸಲು ಲೋಕದಾದ್ಯಂತ ಇದೇ ಜಾತಿಯ ಕಾರ್ಡುಗಳನ್ನು ದುಡಿಸಲಾಗುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ ಆ ನಾಣ್ಯದ ಪದ್ಧತಿಯೇ ಬದಲಾಗಿ ಆ ಕೆಲಸ ನಿಂತಿತು, ದುಡಿದು ದಣಿದ ಕಾರ್ಡುಗಳು ಹಳೆಯ ಸಾಮಾನಿನ ಪೇಟೆಗೆ ಇಳಿದವು. ಕೇಳಿದೊಡನೆ ನನ್ನ ಮೈ ಉರಿಯಿತು. ಮರುದಿನ ಕಾಲೇಜಿನ ಅಂಗಳದಲ್ಲಿ, ನಾಲ್ಕು ಜನರ ಎದುರಿಗೆ, ಆ ಗೆಳೆಯನಿಗೆ ಕೇಳಿದೆ: “ಸತ್ತ ಮಾಲು ಕೊಟ್ಟು ರೊಕ್ಕಾ ಹೊಡದಿ ಅಲ್ಲ?”

ಅವನು ಸಿಟ್ಟಾಗಲಿಲ್ಲ. “ನಮ್ಮ ಮನಿಗೆ ತಗೊಂಡ ಬಾ, ಅಣ್ಣನ ಕಂಪ್ಯೂಟರಿಗೆ ಹಾಕಿ ನೋಡೋಣು. ಅಲ್ಲೂ ಬಂದಾದ್ರ ರೊಕ್ಕಾ ವಾಪಸ್” ಎಂದ. ವಾಚಕರು ಗಮನಿಸಬೇಕು: ಈ ಜಗತ್ತಿನಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಒಂದೇ ಕಾರ್ಡನ್ನು ಬೇರೆ ಯಂತ್ರದಲ್ಲಿಟ್ಟು ಅದೇ ಆಟ ಆಡಿದರೆ ಅರ್ಧ ತಾಸಿನಲ್ಲಿ ತಪ್ಪು ಕಾರ್ಡಿನದೋ ಮನೆಯದೋ ಎಂದು ಇತ್ಯರ್ಥವಾಗುತ್ತಿತ್ತು. ನಾನು ಒಪ್ಪಲಿಲ್ಲ. ಮೂಡಲಗಿಗೆ ಬಸ್ಸು ಬದಲಿಸಿ ಹೋಗಬೇಕೆಂಬದು ಬಾಯಿಯ ನೆಪ. ಅಲ್ಲಿ ಕಾರ್ಡು ನೆಟ್ಟಗೆ ನಡೆದುಬಿಟ್ಟರೆ ನಾಲ್ಕು ಜನರೆದುರು ಆಡಿದ ಮಾತನ್ನು ಏನು ಮಾಡುವದು ಎಂಬದು ಒಳಗಿನ ಕಾರಣ. ಹದಿನೈದು ದಿನಗಳ ಮೇಲೆ ಅವನು ಮೂರು ಸಾವಿರ ರೂಪಾಯಿ ತಂದು ಕೈಯಲ್ಲಿಟ್ಟು, ಉಳಿದದ್ದು ಆಮೇಲೆ ಎಂದು ಹೋದ. ಬೆಲ್ಲದ ಗಾಣದಲ್ಲಿ ರಾತ್ರಿ ಪಾಳಿ ಮಾಡಿ ತಂದ ಹಣವೆಂದು ಬೇರೆಯವರಿಂದ ತಿಳಿಯಿತು.

ಇನ್ನು ಸತ್ಯ ಹೊರಬಿದ್ದ ಬಗೆ. ನನ್ನ ಕಾಕಾ ಮೋಟರ್ ವೈಂಡಿಂಗ್ ಮಾಡುವವನು. ಓದಿದ್ದು ಏಳನೆಯ ಇಯತ್ತೆ. ಸುಟ್ಟ ಪಂಪಸೆಟ್ಟುಗಳ ತಾಮ್ರದ ತಂತಿಯನ್ನು ಬಿಚ್ಚಿ ಮತ್ತೆ ಸುತ್ತುವದರಲ್ಲಿ ಅವನ ಇಪ್ಪತ್ತು ವರ್ಷ ಕಳೆದಿವೆ. ಒಂದು ರವಿವಾರ ಮನೆಗೆ ಬಂದವನು ನನ್ನ ಮೋರೆ ನೋಡಿ ವಿಚಾರಿಸಿದ. ನಾನು ದೊಡ್ಡ ಪಂಡಿತನಂತೆ, “ಲೈನಿನ ವೋಲ್ಟೇಜು ಕಡಿಮೆ ಇರಬೇಕು ಕಾಕಾ, ಇಲ್ಲಾ ಕಾರ್ಡು ಹೋಗಿರಬೇಕು” ಎಂದೆ.

ಲೈನನ್ನು ಬೈಯುವದು ನಮಗೆ ಹುಟ್ಟುಗುಣ. ಆದರೆ ವಿದ್ಯುತ್ತಿನ ವಿಷಯದಲ್ಲಿ ಹುಕ್ಕೇರಿಯವರು ಅಷ್ಟು ಹಗುರವಾಗಿ ಮಾತಾಡಬಾರದೆಂದು ನನಗೆ ಅನಿಸುತ್ತದೆ. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪನೆಯಾದಾಗ, ಬಳಸುವವರೇ ಸದಸ್ಯರಾಗಿ ವಿದ್ಯುತ್ತನ್ನು ಹಂಚಿಕೊಳ್ಳುವ ಸಹಕಾರ ಸಂಘಗಳನ್ನು ಪ್ರಯೋಗವೆಂದು ದೇಶದ ಐದೇ ಕಡೆ ತೆಗೆದರು: ಇಂದಿನ ತೆಲಂಗಾಣದ ಸಿರಿಸಿಲ್ಲ, ಗುಜರಾತಿನ ಕೊಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ, ಮತ್ತು ನಮ್ಮ ಹುಕ್ಕೇರಿ. ಬೆಂಗಳೂರಿಗೂ ಮೈಸೂರಿಗೂ ಸಿಗದ ಪ್ರಯೋಗ ನಮ್ಮ ತಾಲೂಕಿಗೆ ಸಿಕ್ಕಿತು. ನಮ್ಮ ಪಠ್ಯಗಳಲ್ಲಿ 1902ರ ಶಿವನಸಮುದ್ರ ಬರುತ್ತದೆ, ಇದು ಬರುವದಿಲ್ಲ. ಇರಲಿ, ವಿಷಯ ಬಿಟ್ಟು ದೂರ ಬಂದೆ. ಕಾಕಾ ಮೀಟರು ತೆಗೆದು ಗೋಡೆಯ ಸಾಕೆಟ್ಟಿಗೆ ಹಚ್ಚಿದ. 226 ವೋಲ್ಟು. ಲೈನು ನಿರಪರಾಧಿ.

“ಈಗ ಆಟಾ ಹಚ್ಚು” ಎಂದ.

“ಬ್ಯಾಡ ಕಾಕಾ, ಬಂದಾಗತೈತಿ.”

“ಬಂದಾಗಲೆಂತನ ಹಚ್ಚು ಅನ್ನಾಕತ್ತೀನಿ. ಖಾಲಿ ಓಡಿಸಿದ್ರ ಯಾವ ಮೋಟರ್ ಕೆಡತೈತಿ? ನೀರ ಎತ್ತುವಾಗ ನೋಡಬೇಕು.”

ಮೂರು ವರ್ಷದ ಪದವಿಯಲ್ಲಿ ನಾನು ಕಲಿತ ವಾಕ್ಯಗಳಲ್ಲಿ ಇದಕ್ಕೆ ಸಮನಾದವು ಬಹಳ ಇಲ್ಲ. ಆಟ ಹಚ್ಚಿದೆ. ಹತ್ತು ನಿಮಿಷವಾಯಿತು. ಕಾಕಾ ಪೆಟ್ಟಿಗೆಯ ಹತ್ತಿರ ಮೂಗು ಒಯ್ದು, “ಪ್ಲ್ಯಾಸ್ಟಿಕ್ ನಾರಾಕತ್ತೈತಿ” ಎಂದು ಬೆರಳಿನಿಂದ ಒಂದೊಂದು ವಾಯರನ್ನು ಮುಟ್ಟುತ್ತ ಬಂದು ಒಂದು ಕಡೆ ಬೆರಳು ಕಿತ್ತ.

ಅಲ್ಲಿದ್ದದ್ದು ನಾನೇ ತರಿಸಿದ ನೂರೈವತ್ತು ರೂಪಾಯಿಯ ಒಂದು ತುಂಡು ವಾಯರು. ಸಂಗತಿ ಹೀಗೆ: ಈ ಕಾರ್ಡಿಗೆ ವಿದ್ಯುತ್ತು ಎರಡು ದಾರಿಯಿಂದ ಬರುತ್ತದೆ. ತಾಯಿಹಲಗೆಯ ಸೀಳಿನಿಂದ ಹೆಚ್ಚೆಂದರೆ 75 ವ್ಯಾಟು. ಉಳಿದದ್ದಕ್ಕೆ ಎಂಟು ಪಿನ್ನಿನ ಒಂದು ಪ್ಲಗ್ಗು. ನನ್ನ ಹಳೆಯ ಪವರ್ ಸಪ್ಲೈಯಲ್ಲಿ ಆ ಪ್ಲಗ್ಗು ಇರಲಿಲ್ಲ. ಹಳೆಯ ಕಾಲದ ನಾಲ್ಕು ಪಿನ್ನಿನ ಎರಡು ಮೋಲೆಕ್ಸ್ ಪ್ಲಗ್ಗುಗಳನ್ನು ಕೂಡಿಸಿ ಎಂಟು ಪಿನ್ನು ಮಾಡುವ ಜೋಡಣೆಯನ್ನು ನಾನು ತರಿಸಿ ಹಾಕಿದ್ದೆ. ಹಾಕಿ ಮರೆತಿದ್ದೆ. ಕಾರ್ಡಿನ ಲೆಕ್ಕ 185 ವ್ಯಾಟು. ಸೀಳಿನ 75 ಕಳೆದರೆ 110. ಹನ್ನೆರಡು ವೋಲ್ಟಿಗೆ 110 ವ್ಯಾಟೆಂದರೆ 9 ಆಂಪಿಯರಿಗೂ ಮೇಲೆ. ಇದನ್ನು ನಾನು ಕಾಗದದ ಮೇಲೆ ಭಾಗಿಸಿ ತೋರಿಸಿದಾಗ ಕಾಕಾ ನಕ್ಕುಬಿಟ್ಟ. “ಐದು ಎಚ್.ಪಿ. ಮೋಟರ್ ಒಂದೊಂದು ಫೇಜಿಗೆ ಏಳು, ಏಳೂವರಿ ಆಂಪಿಯರ್ ಎಳೀತೈತಿ. ಅದಕ್ಕ ನಾ ಎಂಥಾ ಕೇಬಲ್ ಹಾಕ್ತೀನಿ ನೋಡೀಯಿಲ್ಲೋ? ನೀ ಒಂಬತ್ತಕ್ಕ ಹೊಲಿಯೂ ದಾರಾ ಹಾಕೀಯಲ್ಲೋ ತಮ್ಮಾ!”

ಎರಡು ಪ್ಲಗ್ಗುಗಳಲ್ಲಿ ಒಂದರ ಪಿನ್ನು ಹಿಂದೆ ಸರಿದು ತಾಕುತ್ತಲೇ ಇರಲಿಲ್ಲ. ಎರಡು ಎತ್ತು ಎಳೆಯಬೇಕಾದ ಬಂಡಿಯನ್ನು ಒಂದೇ ಎಳೆಯುತ್ತಿತ್ತು. ಅದರ ಪ್ಲಗ್ಗು ಕಂದಾಗಿ ಕರಗತೊಡಗಿತ್ತು. ಮೀಟರು ಹಿಡಿದು ನೋಡಿದೆವು. ಆಟವಿಲ್ಲದಾಗ ಜೋಡಣೆಯ ಎರಡೂ ಬದಿಗೆ 12.1. ಆಟವಿದ್ದಾಗ ಜೋಡಣೆಯ ಮೊದಲು 11.9, ಜೋಡಣೆ ದಾಟಿದ ಮೇಲೆ 11.2. ಈ ದಾರಿಯಲ್ಲಿ ನೂರಕ್ಕೆ ಐದರಷ್ಟು ಏರಿಳಿತವನ್ನು ಮನ್ನಿಸಬಹುದು, ಅಂದರೆ 11.4ರ ಕೆಳಗೆ ಇಳಿಯಬಾರದು. ಮನೆಯ 230 ವೋಲ್ಟಿನಲ್ಲಿ ಮುಕ್ಕಾಲು ವೋಲ್ಟು ಕಳೆದರೆ ಯಾರಿಗೂ ತಿಳಿಯುವದಿಲ್ಲ. ಹನ್ನೆರಡರಲ್ಲಿ ಕಳೆದರೆ ಗ್ಯಾಂಗಿಗೆ ಉಪವಾಸ. ಕಳೆದ ಆ 0.7 ವೋಲ್ಟನ್ನು 9 ಆಂಪಿಯರಿನಿಂದ ಗುಣಿಸಿರಿ: ಆರು ವ್ಯಾಟಿಗೂ ಹೆಚ್ಚು ಕಾವು, ಉಗುರಿನಷ್ಟು ಜಾಗದಲ್ಲಿ. ಕಾದಂತೆ ತಾಕು ಇನ್ನೂ ಕೆಡುತ್ತದೆ, ಕೆಟ್ಟಂತೆ ಇನ್ನೂ ಕಾಯುತ್ತದೆ. ಹದಿನೈದು ನಿಮಿಷ ಏಕೆ ಬೇಕಾಗುತ್ತಿತ್ತು, ಚಿತ್ರದ ಗುಣಮಟ್ಟ ಇಳಿಸಿದಾಗ ನಲ್ವತ್ತು ನಿಮಿಷ ಏಕೆ ನಡೆಯಿತು, ಟೈಪು ಮಾಡುವಾಗ ಏಕೆ ಏನೂ ಆಗುತ್ತಿರಲಿಲ್ಲ, ಎಲ್ಲವೂ ಒಂದೇ ಗಳಿಗೆಯಲ್ಲಿ ಬಿಡಿಸಿಕೊಂಡಿತು. ಆ ಕೋಣೆಯ ಅಟ್ಟದ ಮೇಲೆ ದನಗಳ ಕಣಿಕೆ ಇತ್ತೆಂಬದು ನೆನಪಾಗಿ ಮೈ ತಣ್ಣಗಾಯಿತು.

ಎಂಟು ಪಿನ್ನಿನ ಪ್ಲಗ್ಗು ಸ್ವಂತವಾಗಿ ಇರುವ ಪವರ್ ಸಪ್ಲೈಯೊಂದನ್ನು, ಕಾಕಾ ಕೊಟ್ಟ ಕೈಗಡದಲ್ಲಿ, ಮೂರು ಸಾವಿರದ ಆರುನೂರಕ್ಕೆ ತಂದೆ. ಬೇರೆ ಏನನ್ನೂ ಬದಲಿಸಲಿಲ್ಲ. ಆ ರಾತ್ರಿ ಮೂರು ತಾಸು ಆಟ ನಡೆಯಿತು. ಮೂರು ತಾಸು ನಾನು ಆಡಿದ್ದು ಕಡಿಮೆ, ಕಾದದ್ದೇ ಹೆಚ್ಚು. ತೆರೆ ಕಪ್ಪಾಗಲಿಲ್ಲ. ಕಪ್ಪಾಗಿದ್ದರೆ ಚೆನ್ನಾಗಿತ್ತೆಂದು ಒಂದು ಗಳಿಗೆ ಅನಿಸಿದ್ದೂ ಸುಳ್ಳಲ್ಲ.

ಈಗ ಗುರುಗಳ ಪ್ರಶ್ನೆಗೆ ಬರುತ್ತೇನೆ. ಆಟವು ಹೊತ್ತನ್ನು ತಿನ್ನುತ್ತದೆಂದು ಹಿರಿಯರು ಹೇಳುವದನ್ನು ನಾನು ಅಲ್ಲಗಳೆಯಲಾರೆ. ಐದನೆಯ ಸೆಮಿಸ್ಟರಿನ ಅರ್ಥಶಾಸ್ತ್ರದಲ್ಲಿ ನನಗೆ ಬಂದ ಅಂಕಗಳೇ ಅವರ ಪರವಾಗಿ ಸಾಕ್ಷಿ ನುಡಿಯುತ್ತವೆ. ಆದರೆ ಆಟ ಆಡುವ ಹುಡುಗನು ಯಂತ್ರ ನಿಂತಾಗ ಪಡುವ ಪಾಡನ್ನು ಯಾರೂ ವಿದ್ಯೆಯೆಂದು ಎಣಿಸುವದಿಲ್ಲ. ಸಂಶಯಗಳನ್ನು ಸಾಲಾಗಿಡುವದು, ಒಂದೊಂದನ್ನೇ ಬದಲಿಸಿ ನೋಡುವದು, ಹೊರೆ ಬಿದ್ದಾಗ ಅಳೆಯುವದು, ಬೇಡವಾದ ಸಾಕ್ಷ್ಯವನ್ನೂ ಬರೆದಿಡುವದು: ಇದನ್ನು ಇತಿಹಾಸದ ತರಗತಿಯಲ್ಲಿ ಶಾಸನದ ವಿಷಯದಲ್ಲಿ ಕಲಿಸುತ್ತಾರೆ, ನಾನು ಬರೆದು ಅಂಕವನ್ನೂ ಪಡೆದಿದ್ದೇನೆ. ಮನೆಯ ಪೆಟ್ಟಿಗೆಯ ಮುಂದೆ ಮಾತ್ರ ನೆನಪಾಗಲಿಲ್ಲ. ಕಲಾ ವಿಭಾಗದವರಿಗೆ ಯಂತ್ರ ಬೇಡ, ವಿಜ್ಞಾನದವರಿಗೆ ಶಾಸನ ಬೇಡವೆಂದು ಗೋಡೆ ಕಟ್ಟಿದ್ದರ ಫಲ ಇದೆಂದು ನನ್ನ ತಿಳುವಳಿಕೆ.

ಇನ್ನೊಂದು ಕೊರತೆ ಭಾಷೆಯದು. ಯಂತ್ರವು ಕೊಡುವ ಸಂದೇಶ ಇಂಗ್ಲಿಷು. ಅದರ ವಿವರಣೆ ಇಂಗ್ಲಿಷು. ನಾನು ಅಲ್ಪಸ್ವಲ್ಪ ಓದಿ ಅರ್ಧ ತಿಳಿದುಕೊಂಡೆ. ಅರ್ಧ ತಿಳಿದವನು ಏನೂ ತಿಳಿಯದವನಿಗಿಂತ ಜೋರಾಗಿ ಮಾತಾಡುತ್ತಾನೆ. ಕಾಕಾನಿಗೆ ಸಂದೇಶವೇ ಓದಲು ಬಾರದ್ದರಿಂದ ಅವನು ನೇರವಾಗಿ ವಾಯರನ್ನು ಮುಟ್ಟಿದ. ಓದು ಬರದಿದ್ದರೇ ಲೇಸೆಂದು ನಾನು ಹೇಳುತ್ತಿಲ್ಲ. ಕಾಕಾನ ಮಾತು ಕನ್ನಡದ ಪುಸ್ತಕದಲ್ಲಿ ಅಚ್ಚಾಗಿದ್ದರೆ ನನಗೆ ಒಂದು ತಿಂಗಳು ಮೊದಲು ಸಿಗುತ್ತಿತ್ತು. ನಮ್ಮ ಕಾಲೇಜಿನಲ್ಲಿ ಬಳಕೆ ತಪ್ಪಿದ ಹಳೆಯ ಕಂಪ್ಯೂಟರು ಒಂದಿದ್ದರೆ ಅದನ್ನು ಒಂದು ಮೇಜಿನ ಮೇಲಿಟ್ಟು, ಒಂದು ತಿರುಪುಳಿ, ಒಂದು ಮೀಟರು ಕೊಟ್ಟು, ಬಿ.ಎ. ಹುಡುಗ ಹುಡುಗಿಯರಿಗೂ ಬಿಚ್ಚಿ ನೋಡಲು ಬಿಡಬೇಕೆಂದು ಪ್ರಾಚಾರ್ಯರಲ್ಲಿ ನನ್ನ ವಿನಂತಿ. ಸಾಧ್ಯವಾದರೆ ಕಲಿಸಲು ಒಬ್ಬ ವೈಂಡಿಂಗಿನವನನ್ನು ಕರೆಯಲಿ. ಗೌರವಧನದ ಮಾತು ಬಂದರೆ ನನ್ನ ಕಾಕಾ ಒಂದು ಕಪ್ ಚಹಕ್ಕೆ ಬರುತ್ತಾನೆ.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವನು ಕಾರ್ಡಿನ ಬೆಲೆ ಕೇಳಿ ಸುಮ್ಮನೆ ಕುಳಿತ. ಮೂಡಲಗಿಯ ಹುಡುಗನ ಸಂಗತಿ ಕೇಳಿದ ಮೇಲೆ ಎದ್ದುಹೋದ. ಎರಡನೆಯದೇ ಹೆಚ್ಚು ನೋವಾಯಿತೆಂದು ಕಾಣುತ್ತದೆ.

ಸೋಮವಾರ ಆ ಮೂರು ಸಾವಿರವನ್ನು ತೆಗೆದುಕೊಂಡು ಹೋಗಿ, ಅದೇ ಅಂಗಳದಲ್ಲಿ, ಸಿಕ್ಕ ನಾಲ್ಕು ಜನರ ಎದುರಿಗೇ ಅವನಿಗೆ ಕೊಟ್ಟೆ. ಹಿಂದಿನ ನಾಲ್ವರಲ್ಲಿ ಇಬ್ಬರು ಮಾತ್ರ ಆ ದಿನ ಬಂದಿದ್ದರು. ಉಳಿದವರು ಇದನ್ನು ಓದಿ ತಿಳಿಯಲಿ. ಕರಗಿದ ಪ್ಲಗ್ಗನ್ನೂ ತೋರಿಸಿದೆ. ಅವನು ಅದನ್ನು ಹಿಂದೆ ಮುಂದೆ ತಿರುವಿ ನೋಡಿದ. ಹಣವನ್ನು ಎಣಿಸದೆ ಜೇಬಿಗೆ ಹಾಕಿದ.

“ಈಗ ಎಷ್ಟ ಡಿಗ್ರಿ ತೋರಸತೈತಿ?” ಎಂದು ಕೇಳಿದ.

“ಅರವತ್ತೆಂಟು.”

“ಹಂಗಾರ ಫ್ಯಾನ್ ಚಲೋ ಅದಾವು” ಎಂದು ತರಗತಿಗೆ ನಡೆದ. ಒಂದು ದಿನ ಮನೆಗೆ ಬಾ, ಕೂಡಿ ಆಡೋಣ ಎಂದು ಎರಡು ಸಲ ಕರೆದಿದ್ದೇನೆ. ಪರೀಕ್ಷೆ ಮುಗಿಯಲಿ ಎಂದಿದ್ದಾನೆ.